ಯಾವ ಲಗೂನಕ್ಕೆ ಹತ್ತೋದು? ಮಂಡಿ, ಉಸಿರು, ರಜೆ, ದುಡ್ಡು ನೋಡಿ ಆರಿಸಿ

ಚಿಕ್ಕಪ್ಪನ ಮಗಳು ವಾಟ್ಸಾಪ್‌ನಲ್ಲಿ ನಾಲ್ಕು ಫೋಟೊ ಕಳಿಸಿ, "ಅಕ್ಕಾ, ಇದರಲ್ಲಿ ಯಾವುದಕ್ಕೆ ಹೋಗಲಿ?" ಅಂತ ಕೇಳಿದಳು. ನಾಲ್ಕರಲ್ಲೂ ಅದೇ ನೀಲಿ ನೀರು, ಹಿಂದೆ ಅದೇ ಹಿಮದ ಬೆಟ್ಟ, ಬಂಡೆ ಮೇಲೆ ಬೆನ್ನು ತೋರಿಸಿ ಕೂತ ಕೆಂಪು ಜಾಕೆಟ್ಟಿನ ಮನುಷ್ಯ. ಎರಡು ಅರ್ಜೆಂಟೀನಾದ್ದು, ಒಂದು ಚಿಲಿ, ಒಂದು ಪೆರು. ಫೋಟೊ ನೋಡಿದರೆ ಎಲ್ಲಾ ಒಂದೇ ಕೆರೆ ಅನ್ನಿಸುತ್ತದೆ. ಹತ್ತಿ ಬಂದವರಿಗೆ ಗೊತ್ತು, ಒಂದರಲ್ಲಿ ಮಂಡಿ ಹೋಗುತ್ತದೆ, ಇನ್ನೊಂದರಲ್ಲಿ ಉಸಿರು ಹೋಗುತ್ತದೆ, ಮತ್ತೊಂದರಲ್ಲಿ ದುಡ್ಡು ಹೋಗುತ್ತದೆ.

ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕೈದು ಜನ ಕೇಳಿದ್ದಾರೆ, ಅದಕ್ಕೇ ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ಪೆರುವಿಗೆ ಒಂದು ಜೂನ್ ತಿಂಗಳಲ್ಲಿ ತಮ್ಮನ ಜೊತೆ ಹೋಗಿದ್ದೆ. ಅದಾಗಿ ಎರಡು ವರ್ಷಕ್ಕೆ ಮಾರ್ಚ್‌ನಲ್ಲಿ ನಮ್ಮ ಮನೆಯವರ ಜೊತೆ ಪ್ಯಾಟಗೋನಿಯಾಗೆ, ಅಂದರೆ ಅರ್ಜೆಂಟೀನಾ, ಚಿಲಿ ಎರಡರ ದಕ್ಷಿಣ ಭಾಗಕ್ಕೆ. ದೊಡ್ಡ ಟ್ರೆಕ್ಕರ್ ಏನಲ್ಲ ನಾನು. ವರ್ಷಕ್ಕೆ ಒಂದೆರಡು ಸಲ ಘಟ್ಟದ ಕಡೆ ಬೆಟ್ಟ ಹತ್ತಿಳಿದು, ಉಳಿದ ದಿನವೆಲ್ಲ ಆಫೀಸಿನ ಕುರ್ಚಿಗೆ ಅಂಟಿಕೊಂಡಿರುವ, ನಲವತ್ತು ದಾಟಿದ ಹೆಂಗಸು. ಹಾಗಾಗಿ ಇಲ್ಲಿ "ಸುಲಭ" ಅಂತ ಬರೆದಿದ್ದರೆ ನನ್ನಂಥವರಿಗೆ ಸುಲಭ ಅಂತ ತಿಳಿಯಿರಿ.

ಅಂದಹಾಗೆ ಲಗೂನ ಅಂದರೆ ಏನೋ ಭಾರಿ ಹೆಸರು ಅಂದುಕೊಳ್ಳಬೇಡಿ. ಆ ಕಡೆಯ ಸ್ಪ್ಯಾನಿಷ್‌ನಲ್ಲಿ ನಮ್ಮ ಕೆರೆಗೆ ಹಾಗೆನ್ನುತ್ತಾರೆ, ಅಷ್ಟೇ. ಆದರೆ ಈ ಕೆರೆಗಳಿಗೆ ನೀರು ಬರುವುದು ಹಿಮನದಿಯಿಂದ. ಹಿಮನದಿ ಜರುಗುವಾಗ ಕೆಳಗಿನ ಬಂಡೆಯನ್ನು ತೇಯುತ್ತದೆ, ಸಾಣೆಕಲ್ಲಿನ ಮೇಲೆ ಗಂಧ ತೇಯ್ದ ಹಾಗೆ. ಆ ನುಣ್ಣನೆ ಕಲ್ಲಿನ ಹುಡಿ ನೀರಿನಲ್ಲಿ ತೇಲುತ್ತಿರುತ್ತದೆ, ಅದರ ಮೇಲೆ ಬಿಸಿಲು ಬಿದ್ದು ಚದುರಿ ನೀಲಿ-ಹಸಿರಾಗಿ ಕಾಣುತ್ತದೆ. ಮೋಡ ಇದ್ದರೆ ಆ ನೀಲಿ ಅರ್ಧಕ್ಕರ್ಧ ಇಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಕೆಳಗಿನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ.

ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ್ದು

ರಜೆ ಯಾವ ತಿಂಗಳು ಸಿಗುತ್ತದೆ? ಇದು ಮೊದಲನೇ ಪ್ರಶ್ನೆ, ಇದರಲ್ಲೇ ಅರ್ಧ ತೀರ್ಮಾನ ಆಗಿಹೋಗುತ್ತದೆ. ಪೆರುವಿನ ಬೆಟ್ಟಗಳಲ್ಲಿ ಒಣ ಹವೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಪ್ಯಾಟಗೋನಿಯಾದಲ್ಲಿ ನಡೆಯುವ ಕಾಲ ನವೆಂಬರ್‌ನಿಂದ ಏಪ್ರಿಲ್ ಮೊದಲ ವಾರಗಳವರೆಗೆ. ಮಕ್ಕಳ ಬೇಸಿಗೆ ರಜೆಯಲ್ಲಿ, ಅಂದರೆ ಮೇನಲ್ಲಿ ಹೋಗುವವರಿಗೆ ಪ್ಯಾಟಗೋನಿಯಾದ ಮಾತೇ ಬೇಡ, ಅಲ್ಲಿ ಆಗ ಚಳಿಗಾಲ ಶುರು. ಕ್ರಿಸ್‌ಮಸ್ ರಜೆ ಮಾತ್ರ ಸಿಗುವವರಿಗೆ ಪೆರು ಬೇಡ, ಆಗ ಅಲ್ಲಿ ಮಳೆ. ದಸರಾ ರಜೆಯವರು ಎರಡಕ್ಕೂ ಸ್ವಲ್ಪ ಅಂಚಿನಲ್ಲಿ ಇರುತ್ತೀರಿ. ಅಕ್ಟೋಬರ್‌ನಲ್ಲಿ ಪ್ಯಾಟಗೋನಿಯಾದ ದಾರಿಯ ಮೇಲ್ಭಾಗದಲ್ಲಿ ಹಿಮ ಇನ್ನೂ ಇರಬಹುದು.

ಎರಡನೆಯದು, ಎತ್ತರ. ಇಲ್ಲಿ ಎರಡು ಲೆಕ್ಕ ಇದೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಎಷ್ಟು ಹತ್ತಬೇಕು ಅನ್ನುವುದು ಒಂದು, ಎಲ್ಲಿಗೆ ಹತ್ತಬೇಕು ಅನ್ನುವುದು ಇನ್ನೊಂದು. ಕುಕ್ಕೆ ಕಡೆಯಿಂದ ಕುಮಾರ ಪರ್ವತ ಹತ್ತಿದವರು 1,500 ಮೀಟರ್‌ಗಿಂತ ಜಾಸ್ತಿಯೇ ಏರಿರುತ್ತಾರೆ. ಇಲ್ಲಿ ಹೇಳುವ ಯಾವ ದಾರಿಯೂ ಅಷ್ಟು ಏರುವುದಿಲ್ಲ. ಆದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಪೆರುವಿನ ಲಗೂನ 69 ಇರುವುದು ಸುಮಾರು 4,600 ಮೀಟರ್‌ನಲ್ಲಿ. ಅಲ್ಲಿ ಕಾಲಿನ ಬಲ ಉಪಯೋಗಕ್ಕೆ ಬರುವುದಿಲ್ಲ, ಗಾಳಿಯೇ ತೆಳು.

ಮೂರನೆಯದು ಮಂಡಿ. ಹತ್ತುವಾಗ ಅಲ್ಲ, ಇಳಿಯುವಾಗ.

ನಾಲ್ಕನೆಯದು ದುಡ್ಡು. ವಿಮಾನದ ಟಿಕೆಟ್ ಬಿಟ್ಟು, ಅಲ್ಲಿ ಇಳಿದ ಮೇಲೆ ದಿನಕ್ಕೆ ಎಷ್ಟು ಕರಗುತ್ತದೆ ಅನ್ನುವುದು. ಬೆಂಗಳೂರಿನಿಂದ ಹೋದರೆ ದೋಹಾನೋ ದುಬೈಯೋ ಯುರೋಪೋ ಸುತ್ತಿಕೊಂಡು ಒಂದೂವರೆ ದಿನ ಹೇಗೂ ಹೋಗುತ್ತದೆ, ಆ ಖರ್ಚು ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ.

ಐದನೆಯದು ಯಾರೂ ಕೇಳದ ಪ್ರಶ್ನೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಸುಮ್ನೆ ಕೂರುವುದಕ್ಕೆ ಎಷ್ಟು ದಿನ ಇಟ್ಟುಕೊಂಡಿದ್ದೀರಿ? ಮೋಡ ಕವಿದ ದಿನ ಹತ್ತಿದರೆ ಬೂದು ನೀರು, ಬೂದು ಗೋಡೆ, ಕೊರೆಯುವ ಗಾಳಿ, ಇಷ್ಟೇ. ನಮ್ಮವರು ಸಾಮಾನ್ಯವಾಗಿ ಒಂದು ಜಾಗಕ್ಕೆ ಒಂದು ದಿನ ಅಂತ ಲೆಕ್ಕ ಹಾಕಿ ಎಕ್ಸೆಲ್ ಶೀಟ್ ಮಾಡಿಕೊಂಡು ಬರುತ್ತಾರೆ. ನಾವೂ ಚಿಲಿಯಲ್ಲಿ ಅದನ್ನೇ ಮಾಡಿದೆವು, ಅದರ ಕಥೆ ಆಮೇಲೆ.

ಲಗೂನ ದೆ ಲೋಸ್ ತ್ರೆಸ್, ಅರ್ಜೆಂಟೀನಾ

ಫಿಟ್ಜ್ ರಾಯ್ ಬೆಟ್ಟದ ಬುಡದ ಕೆರೆ ಇದು. ಬೆಟ್ಟ 3,405 ಮೀಟರ್. ಊರು ಎಲ್ ಚಾಲ್ಟೆನ್. ಆ ಹೆಸರು ಅಲ್ಲಿನ ಮೂಲನಿವಾಸಿಗಳಾದ ತೆಹುವೆಲ್ಚೆ ಜನ ಬೆಟ್ಟಕ್ಕೇ ಇಟ್ಟದ್ದು, ಹೊಗೆಯಾಡುವ ಬೆಟ್ಟ ಅಂತ ಅರ್ಥ. ಹೊಗೆ ಗಿಗೆ ಏನಿಲ್ಲ, ತುದಿಗೆ ಸದಾ ಸುತ್ತಿಕೊಂಡಿರುವ ಮೋಡ. ಊರು ಹುಟ್ಟಿದ್ದೇ 1985ರಲ್ಲಿ. ಚಿಲಿ ಜೊತೆ ಗಡಿ ಜಗಳ ಇತ್ತು, ಇಲ್ಲಿ ನಮ್ಮ ಜನ ಇದ್ದಾರೆ ಅಂತ ತೋರಿಸಲು ಅರ್ಜೆಂಟೀನಾ ಸರ್ಕಾರ ಒಂದು ಊರನ್ನೇ ಕಟ್ಟಿಸಿತು. ಬ್ಯೂನಸ್ ಐರಿಸ್‌ನಿಂದ ಎಲ್ ಕಲಫಾಟೆಗೆ ಸುಮಾರು ಮೂರು ಗಂಟೆಯ ವಿಮಾನ, ಅಲ್ಲಿಂದ ಇನ್ನೂ ಮೂರು ಗಂಟೆ ಬಸ್ಸು.

ಈ ಊರಿನ ದೊಡ್ಡ ಗುಣ ಒಂದೇ. ದಾರಿ ಶುರುವಾಗುವುದು ರಸ್ತೆಯ ಕೊನೆಯಲ್ಲಿ, ನೀವು ಮಲಗಿದ್ದ ಕೋಣೆಯಿಂದ ಹದಿನೈದು ನಿಮಿಷದ ನಡಿಗೆ. ಬಸ್ಸಿನ ಹಂಗಿಲ್ಲ, ಗೈಡ್ ಬೇಕಿಲ್ಲ. ಬೆಳಿಗ್ಗೆ ಕಿಟಕಿ ಪರದೆ ಸರಿಸಿ ಆಕಾಶ ನೋಡಿ, ಚೆನ್ನಾಗಿದ್ದರೆ ಬೂಟು ಹಾಕಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಹೊದ್ದುಕೊಳ್ಳಿ. ನಾವು ನಾಲ್ಕು ರಾತ್ರಿ ಇದ್ದೆವು. ಮೊದಲ ಎರಡು ದಿನ ಬೆಟ್ಟ ಇದೆಯೋ ಇಲ್ಲವೋ ಅನ್ನುವುದೂ ಗೊತ್ತಾಗಲಿಲ್ಲ. ಬೇಕರಿಯಲ್ಲಿ ಕೂತು ಕಾಫಿ ಕುಡಿದು, ಊರಿನವರ ಹಾಗೆ ವಿಂಡ್‌ಗುರು ವೆಬ್‌ಸೈಟ್ ತೆಗೆದು ಗಾಳಿಯ ಲೆಕ್ಕ ನೋಡುತ್ತಾ ಕಳೆದೆವು. ಮೂರನೇ ದಿನ ಬೆಳಗಿನ ಜಾವ ನಕ್ಷತ್ರ ಕಾಣಿಸಿತು.

ಹೋಗಿ ಬರುವುದು ಸೇರಿ 20 ಕಿ.ಮೀ. ಮೇಲೆ, ಎಂಟರಿಂದ ಒಂಬತ್ತು ಗಂಟೆ. ಇದರಲ್ಲಿ ಒಂಬತ್ತು ಕಿ.ಮೀ. ತನಕ ನನಗೆ ಯಾವ ತಕರಾರೂ ಇಲ್ಲ. ಲೆಂಗಾ ಮರದ ಕಾಡು, ಮರದ ಚಿಕ್ಕ ಸೇತುವೆ, ಹುಲ್ಲಿನ ಬಯಲು, ಪ್ರತಿ ಕಿಲೋಮೀಟರಿಗೂ ಒಂದು ನಂಬರ್ ಹಾಕಿದ ಕಂಬ. ಪೋಯಿನ್ಸೆನೋ ಅನ್ನುವ ಟೆಂಟ್ ಜಾಗ ದಾಟಿ ಹೊಳೆ ದಾಟಿದ ಮೇಲೆ ಒಂದು ಬೋರ್ಡ್ ಬರುತ್ತದೆ, ಮುಂದಿನ ದಾರಿ ಕಷ್ಟ, ಗಟ್ಟಿ ಇರುವವರು ಮಾತ್ರ ಹೋಗಿ ಅನ್ನುವ ಅರ್ಥದ್ದು. ಅಲ್ಲಿಂದ ಉಳಿದ ಒಂದೇ ಕಿಲೋಮೀಟರಿನಲ್ಲಿ 400 ಮೀಟರ್ ಏರಬೇಕು.

ಆ ಒಂದು ಕಿಲೋಮೀಟರಿಗೆ ನನಗೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೆಟ್ಟಿಲಿನ ಹಾಗೆ ಕಾಣುತ್ತದೆ, ಆದರೆ ಒಂದು ಕಲ್ಲು ಮೊಣಕಾಲೆತ್ತರ, ಮುಂದಿನದು ಅಂಗೈಯಗಲ, ಅದರ ಮುಂದಿನದು ಕಾಲಿಟ್ಟರೆ ಅಲುಗಾಡುತ್ತದೆ. ನಡುವೆ ಪುಡಿ ಜಲ್ಲಿ. ಇಳಿದು ಬರುವವರಿಗೆ ದಾರಿ ಬಿಡುವ ನೆಪದಲ್ಲಿ ಎಲ್ಲರೂ ನಿಂತು ಸುಧಾರಿಸಿಕೊಳ್ಳುತ್ತಾರೆ. ಕೊನೆಗೆ ದಿಬ್ಬದ ತುದಿ ಬಂತು ಅಂತ ತಲೆ ಎತ್ತಿದರೆ ಮುಂದೆ ಇನ್ನೊಂದು ಕಲ್ಲಿನ ದಿಬ್ಬ. ಅಲ್ಲಿ ನಮ್ಮ ಮನೆಯವರು ಏನೂ ಮಾತಾಡದೆ ಕೂತುಬಿಟ್ಟರು. ಆ ದಿಬ್ಬ ಚಿಕ್ಕದು, ಐದು ನಿಮಿಷ. ಅದರ ಮೇಲೆ ನಿಂತಾಗ ಕಾಲ ಕೆಳಗೇ ನೀಲಿ, ಎದುರಿಗೆ ಫಿಟ್ಜ್ ರಾಯ್ ನೆಟ್ಟಗೆ. ಚಪಾತಿ ಸುರುಳಿ ಬಿಚ್ಚಿ ಚಟ್ನಿಪುಡಿ ಉದುರಿಸುವಷ್ಟರಲ್ಲಿ ಗಾಳಿ ಬಂದು ಅರ್ಧ ಪುಡಿಯನ್ನು ಪಕ್ಕದಲ್ಲಿ ಕೂತಿದ್ದ ಜರ್ಮನ್ ದಂಪತಿಗಳ ಮೇಲೆ ಹಾಕಿತು. ಅವರು ನೆಕ್ಕಿ ನೋಡಿ ಇನ್ನೂ ಇದೆಯಾ ಅಂದರು.

ಇನ್ನೊಂದು, ಕೆರೆ ನೋಡಿದ ಕೂಡಲೇ ತಿರುಗಬೇಡಿ. ದಡ ಹಿಡಿದು ಎಡಕ್ಕೆ ಹೋದರೆ ಪಕ್ಕದ ಕಣಿವೆಯ ಆಳದಲ್ಲಿ ಲಗೂನ ಸೂಸಿಯಾ ಕಾಣುತ್ತದೆ. ಹೆಸರಿನ ಅರ್ಥ ಕೊಳಕು ಕೆರೆ, ಬಣ್ಣ ಮಾತ್ರ ಮೇಲಿನದಕ್ಕಿಂತ ಚೆಂದ. ಯಾರು ಇಟ್ಟರೋ ಆ ಹೆಸರು.

ಇಳಿಯುವುದು ಹತ್ತುವುದಕ್ಕಿಂತ ಕೆಟ್ಟದ್ದು. ಊರಲ್ಲಿ ಊರುಗೋಲು ಬಾಡಿಗೆಗೆ ಸಿಗುತ್ತದೆ, ಎರಡು ತಗೊಳ್ಳಿ, ಒಂದು ಸಾಲದು. ಮಂಡಿ ನೋವು ಇರುವವರು ಇದಕ್ಕೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ, ಆದರೆ ಅದೇ ದಾರಿಯಲ್ಲಿ ಸುಮಾರು 4 ಕಿ.ಮೀ.ಗೆ ಲಗೂನ ಕಾಪ್ರಿ ಅಂತ ಇದೆ. ಅಲ್ಲಿ ಕೂತರೂ ಎದುರಿಗೆ ಅದೇ ಫಿಟ್ಜ್ ರಾಯ್. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಅಲ್ಲಿಗೇ ನಿಲ್ಲಿಸಿ, ಬುತ್ತಿ ತಿಂದು ವಾಪಸ್ ಬನ್ನಿ. ಇನ್ನೊಂದು ಉಪಾಯವೂ ಇದೆ. ಊರಿನ ಉತ್ತರಕ್ಕೆ ಎಲ್ ಪಿಲಾರ್ ಅನ್ನುವ ಕಡೆಗೆ ವ್ಯಾನ್ ಹೋಗುತ್ತದೆ, ಅಲ್ಲಿಂದ ಶುರು ಮಾಡಿ ಊರಿಗೆ ನಡೆದು ಇಳಿದರೆ ಹೋದ ದಾರಿಯಲ್ಲೇ ಬರುವುದು ತಪ್ಪುತ್ತದೆ. ದಾರಿಯಲ್ಲಿ ಪಿಯೆದ್ರಾಸ್ ಬ್ಲಾಂಕಾಸ್ ಹಿಮನದಿಯೂ ಕಾಣುತ್ತದೆ. ಕೊನೆಯ ಕಿಲೋಮೀಟರ್ ಮಾತ್ರ ಯಾರಿಗೂ ತಪ್ಪಿದ್ದಲ್ಲ.

ದುಡ್ಡಿನ ಮಾತು. ವರ್ಷಗಟ್ಟಲೆ ಇಲ್ಲಿ ನಡೆಯುವುದಕ್ಕೆ ಶುಲ್ಕವೇ ಇರಲಿಲ್ಲ, 2024ರ ಕೊನೆಯಿಂದ ಪಾರ್ಕಿನವರು ತೆಗೆದುಕೊಳ್ಳುತ್ತಿದ್ದಾರೆ, ವಿದೇಶಿಯರಿಗೆ ಜಾಸ್ತಿ. ಹಳೆಯ ಬರಹಗಳಲ್ಲಿ ಉಚಿತ ಅಂತ ಇರುತ್ತದೆ, ನಂಬಬೇಡಿ. ಇರುವುದಕ್ಕೂ ಉಣ್ಣುವುದಕ್ಕೂ ದುಬಾರಿ ಊರು. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿದರೆ ಬದುಕಬಹುದು.

ಲಗೂನ ತೊರ್ರೆ, ಅದೇ ಊರಿನಿಂದ

ಇದು ಮಂಡಿಗೆ ಒಳ್ಳೆಯದು. ಹೋಗಿ ಬರಲು 18 ಕಿ.ಮೀ., ಆರೇಳು ಗಂಟೆ, ಆದರೆ ಶುರುವಿನಲ್ಲಿ ಒಂದಷ್ಟು ಏರಿದ ಮೇಲೆ ದಾರಿ ಹೆಚ್ಚುಕಮ್ಮಿ ಮಟ್ಟಸ. ಕೆರೆಯ ಆಚೆ ದಡಕ್ಕೆ ಹಿಮನದಿಯೇ ಬಂದು ಮುಟ್ಟುತ್ತದೆ, ಅದರಿಂದ ಮುರಿದ ಮಂಜಿನ ಗಡ್ಡೆಗಳು ತೇಲಿಕೊಂಡು ಈ ದಡಕ್ಕೆ ಬಂದು ನಿಲ್ಲುತ್ತವೆ. ಕೈಯಲ್ಲಿ ಹಿಡಿದು ನೋಡಬಹುದು, ಗಾಜಿನಷ್ಟು ತಿಳಿ.

ಆದರೆ ನೀಲಿ ಬೇಕು ಅಂತ ಹೋದವರಿಗೆ ನಿರಾಸೆ. ನೀರು ಕಾಫಿಗೆ ಹಾಲು ಜಾಸ್ತಿ ಆದ ಬಣ್ಣ. ಹಿಮನದಿ ನೇರವಾಗಿ ಕೆರೆಗೇ ಇಳಿಯುವುದರಿಂದ ಕಲ್ಲಿನ ಹುಡಿ ತಳಕ್ಕೆ ಇಳಿಯಲು ಪುರಸೊತ್ತೇ ಇಲ್ಲ. ಮತ್ತೆ ಹಿಂದಿರುವ ಸೆರ್ರೊ ತೊರ್ರೆ, 3,128 ಮೀಟರಿನ ಸೂಜಿಯಂಥ ಬೆಟ್ಟ, ಫಿಟ್ಜ್ ರಾಯ್‌ಗಿಂತಲೂ ನಾಚಿಕೆಯದು, ಮೋಡದ ಸೆರಗು ಸರಿಸುವುದೇ ಅಪರೂಪ. ನಾವು ಕಂಡಿದ್ದು ಕತ್ತಿನ ತನಕ.

ನನ್ನ ಅಭಿಪ್ರಾಯ ಕೇಳಿದರೆ, ಅರೆಮೋಡದ ದಿನವನ್ನು ಇದಕ್ಕೆ ಕೊಡಿ, ಪೂರ್ತಿ ತಿಳಿಯಾದ ದಿನವನ್ನು ಲೋಸ್ ತ್ರೆಸ್‌ಗೆ ಇಟ್ಟುಕೊಳ್ಳಿ. ತೇಲುವ ಮಂಜುಗಡ್ಡೆ ಮೋಡದಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಬಾಸೆ ತೊರ್ರೆಸ್, ಚಿಲಿ

ತೊರ್ರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನ. ಮೂರು ಕಲ್ಲಿನ ಗೋಪುರ, ಬುಡದಲ್ಲಿ ಹಸಿರು ಛಾಯೆಯ ಕೆರೆ. ಹೋಗಿ ಬರಲು 20 ಕಿ.ಮೀ. ಆಸುಪಾಸು, ಎಂಟು ಒಂಬತ್ತು ಗಂಟೆ. ಏರಿಕೆ ಲೋಸ್ ತ್ರೆಸ್‌ನಷ್ಟೇ, ಕೊನೆಯಲ್ಲಿ ಇಲ್ಲೂ ದೊಡ್ಡ ಬಂಡೆಗಳ ರಾಶಿ. ನಡುವೆ ಒಂದು ಕಡೆ ಕಣಿವೆಯ ಅಂಚಿನ ದಾರಿ ಇದೆ, ಹೆಸರೇ ಗಾಳಿಯ ಕಣಿವೆದಾರಿ. ಅಲ್ಲಿ ಟೋಪಿ ಹಾರಿದರೆ ಮರೆತುಬಿಡಿ.

ಕಷ್ಟದಲ್ಲಿ ಎರಡೂ ಒಂದೇ ಅಂದಮೇಲೆ ವ್ಯತ್ಯಾಸ ಎಲ್ಲಿ? ವ್ಯವಸ್ಥೆಯಲ್ಲಿ. ಪ್ಯುಯೆರ್ತೊ ನತಾಲೆಸ್ ಊರಿನಿಂದ ಬೆಳಿಗ್ಗೆ ಏಳರ ಸುಮಾರಿಗೆ ಬಸ್ಸು ಹಿಡಿಯಬೇಕು, ಎರಡು ಗಂಟೆ ದಾರಿ, ಗೇಟಿನಲ್ಲಿ ಇಳಿದು ಚಿಕ್ಕ ವ್ಯಾನ್ ಹತ್ತಬೇಕು, ಆಮೇಲೆ ನಡಿಗೆ, ಸಂಜೆ ವಾಪಸ್ ಬಸ್ಸಿನ ಹೊತ್ತಿಗೆ ಕೆಳಗೆ ಇರಲೇಬೇಕು. ಪಾರ್ಕಿನ ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ. ಬಸ್ ಟಿಕೆಟ್ ಮುಂಚೆ. ಮಧ್ಯದ ಚಿಲೇನೊ ಛತ್ರದಲ್ಲಿ ರಾತ್ರಿ ಇರಬೇಕು ಅಂದರೆ ಅದು ತಿಂಗಳುಗಟ್ಟಲೆ ಮುಂಚೆ, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಅಂದರೆ ದಿನವನ್ನು ನೀವು ಬೆಂಗಳೂರಲ್ಲೇ ಕೂತು ಗೊತ್ತು ಮಾಡಿರುತ್ತೀರಿ. ಆ ದಿನದ ಮೋಡವನ್ನು ನಿಮ್ಮನ್ನು ಕೇಳಿ ಯಾರೂ ಗೊತ್ತು ಮಾಡಿರುವುದಿಲ್ಲ.

ನಾವು ಚಿಲಿಗೆ ಇಟ್ಟುಕೊಂಡಿದ್ದು ಒಂದೇ ದಿನ. ಐದು ಗಂಟೆ ಹತ್ತಿ ಮೇಲೆ ಹೋದಾಗ ಗೋಪುರಗಳು ಸೊಂಟದ ತನಕ ಇದ್ದವು, ಮೇಲಿನದು ಬಿಳಿ. ನಲವತ್ತು ನಿಮಿಷ ಕಾದೆವು. ಬಸ್ಸು ತಪ್ಪುತ್ತದೆ ಅಂತ ಇಳಿದೆವು. ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದರೆ ಮೂರೂ ಗೋಪುರ ಸಂಜೆ ಬಿಸಿಲಿನಲ್ಲಿ ಥಳಥಳ ಅನ್ನುತ್ತಿದ್ದವು. ಡ್ರೈವರ್ ನಕ್ಕ, ದಿನಾ ನೋಡುವ ಮುಖಗಳೇ ಇರಬೇಕು ಅವನಿಗೆ.

ಹಾಗಾದರೆ ಇದು ಯಾರಿಗೆ? ಬರೀ ಕೆರೆ ಅಲ್ಲ, ನಾಲ್ಕೈದು ದಿನ ಒಂದೇ ಪಾರ್ಕಿನೊಳಗೆ ನಡೆಯುವ ಡಬ್ಲ್ಯೂ ಸುತ್ತು ಮಾಡುವ ಮನಸ್ಸಿರುವವರಿಗೆ. ಅವರಿಗೆ ಇದು ಒಂದು ದಿನದ ಭಾಗ ಮಾತ್ರ, ದಾರಿಯುದ್ದಕ್ಕೂ ಬೇರೆ ಹಿಮನದಿ, ಬೇರೆ ಕೆರೆಗಳಿವೆ. ಒಂದು ದಿನಕ್ಕೆ ಹೋಗಿ ಬರುವವರು ಅದೇ ದುಡ್ಡಿಗೆ ಎಲ್ ಚಾಲ್ಟೆನ್‌ನಲ್ಲಿ ಇನ್ನೆರಡು ರಾತ್ರಿ ಇರಿ ಅನ್ನುವುದು ನನ್ನ ಸಲಹೆ. ಚಿಲಿಗೆ ಹೋದವರು ನನ್ನನ್ನು ಬೈಯಬಹುದು, ಬೈಯಲಿ.

ಗಡಿಯಲ್ಲಿ ಒಂದು ಎಚ್ಚರ. ಚಿಲಿಯವರು ಹಣ್ಣು, ಬೀಜ, ಹಾಲಿನ ಪದಾರ್ಥಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬ್ಯಾಗಿನಲ್ಲಿ ಶೇಂಗಾ ಚಟ್ನಿಪುಡಿ, ಒಣಕೊಬ್ಬರಿ, ಏನೇ ಇದ್ದರೂ ಫಾರಂನಲ್ಲಿ "ಇದೆ" ಅಂತ ಬರೆಯಿರಿ. ಬರೆದರೆ ನೋಡಿ ಬಿಡುತ್ತಾರೆ ಅಥವಾ ಎಸೆಯುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ.

ಲಗೂನ ಎಸ್ಮೆರಾಲ್ಡಾ, ಉಶುವಾಯಾ

ಅರ್ಜೆಂಟೀನಾದ ದಕ್ಷಿಣದ ತುತ್ತತುದಿ. ಹೋಗಿ ಬರಲು ಹತ್ತು ಕಿ.ಮೀ. ಒಳಗೆ, ಅರ್ಧ ದಿನ, ಏರಿಕೆ ಲೆಕ್ಕಕ್ಕಿಲ್ಲ. ಹೆಸರಿನಂತೆ ಪಚ್ಚೆ ಬಣ್ಣ. ಮಕ್ಕಳ ಜೊತೆ ಹೋಗುವವರಿಗೆ ಈ ಪಟ್ಟಿಯಲ್ಲಿ ಇದೇ ಸರಿ. ಒಂದೇ ತೊಂದರೆ ಕೆಸರು. ನಾಟಿಗೆ ಹದ ಮಾಡಿದ ಗದ್ದೆ ನೋಡಿದ್ದೀರಲ್ಲ, ಅದರಲ್ಲಿ ಬೂಟು ಹಾಕಿಕೊಂಡು ನಡೆದ ಹಾಗೆ. ದಾರಿಯಲ್ಲಿ ಸತ್ತು ಬೆಳ್ಳಗಾದ ಮರಗಳ ಗುಂಪು ಕಾಣುತ್ತದೆ, ಅದು ಮರ ಕಡಿಯುವ ದೊಡ್ಡ ಇಲಿಯಂಥ ಪ್ರಾಣಿಗಳಾದ ಬೀವರ್‌ಗಳ ಕೆಲಸ. ತುಪ್ಪಳದ ವ್ಯಾಪಾರ ಮಾಡೋಣ ಅಂತ 1946ರಲ್ಲಿ ಕೆನಡಾದಿಂದ ತಂದು ಬಿಟ್ಟರು. ವ್ಯಾಪಾರ ಆಗಲಿಲ್ಲ, ಬೀವರ್‌ಗಳು ಮಾತ್ರ ಅಣೆಕಟ್ಟು ಕಟ್ಟಿ ಕಾಡು ಮುಳುಗಿಸುತ್ತಾ ಸುಖವಾಗಿವೆ. ಆದರೆ ಈ ಕೆರೆ ಒಂದಕ್ಕೋಸ್ಕರ ಉಶುವಾಯಾಗೆ ಹೋಗಬೇಡಿ. ಬೇರೆ ಕಾರಣಕ್ಕೆ ಹೋಗಿದ್ದರೆ ಬಿಡಬೇಡಿ.

ಲಗೂನ 69, ಪೆರು

ಈಗ ಉಸಿರಿನ ವಿಷಯ. ಲಿಮಾದಿಂದ ಹುವಾರಾಸ್‌ಗೆ ರಾತ್ರಿ ಬಸ್ಸು, ಎಂಟು ಗಂಟೆ. ಹುವಾರಾಸ್ ಊರೇ 3,000 ಮೀಟರ್ ಮೇಲಿದೆ. ಕೆರೆ ಇರುವುದು ವಾಸ್ಕರಾನ್ ರಾಷ್ಟ್ರೀಯ ಉದ್ಯಾನದಲ್ಲಿ. ಹೆಸರು ಯಾಕೆ 69 ಅಂದರೆ, ಉದ್ಯಾನದ ಕೆರೆಗಳ ಪಟ್ಟಿ ಮಾಡುವಾಗ ಹೆಸರಿಲ್ಲದವುಗಳಿಗೆ ನಂಬರ್ ಹಾಕಿದರು ಅನ್ನುತ್ತಾರೆ. ಸರ್ವೆ ನಂಬರ್ ಇದ್ದ ಹಾಗೆ.

ಬೆಳಿಗ್ಗೆ ಐದಕ್ಕೆ ಮುಂಚೆ ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಮೂರು ಗಂಟೆ ದಾರಿ. ಯುಂಗಾಯ್ ಊರು ದಾಟಿ ಹೋಗುತ್ತೀರಿ. ಹಳೆಯ ಯುಂಗಾಯ್ ಈಗ ಇಲ್ಲ, 1970ರ ಮೇ 31ರ ಭೂಕಂಪದಲ್ಲಿ ವಾಸ್ಕರಾನ್ ಬೆಟ್ಟದಿಂದ ಹಿಮ, ಬಂಡೆ, ಕೆಸರು ಉರುಳಿ ಬಂದು ಇಡೀ ಊರನ್ನೇ ಮುಚ್ಚಿಹಾಕಿತು. ಆಮೇಲೆ ಯಾಂಗಾನುಕೊ ಕೆರೆ ಹತ್ತಿರ ಒಂದು ನಿಲುಗಡೆ, ಫೋಟೊ, ಆಮೇಲೆ ಸುಮಾರು 3,900 ಮೀಟರ್‌ನಲ್ಲಿ ಇಳಿಸುತ್ತಾರೆ. ಅಲ್ಲಿಂದ ಹೋಗಿ ಬರಲು 14 ಕಿ.ಮೀ., ಏರಿಕೆ 700 ಮೀಟರ್. ನಮ್ಮಲ್ಲಾದರೆ ಬೆಳಗಿನ ತಿಂಡಿಗೆ ಮುಂಚೆ ಮುಗಿಸುವಂಥದ್ದು.

ಹುವಾರಾಸ್‌ನಲ್ಲಿ ಟಿಕೆಟ್ ಮಾರಿದ ಏಜೆಂಟ್ "ಸುಲಭ, ಸುಲಭ" ಅಂದ. ನಾವು ಊರಿಗೆ ಬಂದು ಒಂದೇ ರಾತ್ರಿ ಆಗಿತ್ತು ಅಂತ ಅವನೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮೊದಲ ಬಯಲಿನಲ್ಲಿ ಹಸುಗಳು ಮೇಯುತ್ತಿದ್ದವು, ತಮ್ಮ ವಿಡಿಯೊ ಮಾಡಿಕೊಂಡು ಕುಣಿಯುತ್ತಾ ಹೋದ. ಅಂಕುಡೊಂಕು ಏರು ಶುರುವಾದ ಮೇಲೆ ಅವನ ಮಾತು ನಿಂತಿತು. ತಲೆನೋವು ಅಂದ. ಎರಡನೇ ಬಯಲು ಹತ್ತಿರ ಬಂದಾಗ ತುಟಿ ಬೂದು ಬಣ್ಣ, ಒಂದು ಕಲ್ಲು ಹಿಡಿದುಕೊಂಡು ಬೆಳಿಗ್ಗೆ ತಿಂದಿದ್ದೆಲ್ಲ ವಾಂತಿ ಮಾಡಿದ. ಕೆರೆ ಇನ್ನು ಮುಕ್ಕಾಲು ಗಂಟೆ ದೂರ ಅಷ್ಟೇ, ನೀನು ಹೋಗಿ ಬಾ ಅಕ್ಕ ಅಂದ. ಬಿಟ್ಟು ಹೋಗಲಾಗುತ್ತದಾ? ಇಳಿದೆವು. 300 ಮೀಟರ್ ಇಳಿದ ಮೇಲೆ ಬಣ್ಣ ಬಂತು, ಕೆಳಗೆ ಹಸುಗಳ ಹತ್ತಿರ ಬಂದಾಗ ಹಸಿವು ಅಂದ.

ಇದಕ್ಕೆ ಸೊರೊಚೆ ಅನ್ನುತ್ತಾರೆ ಅಲ್ಲಿ. ಕೋಕಾ ಎಲೆಯ ಕಷಾಯ ಕೊಡುತ್ತಾರೆ, ಕುಡಿಯಲು ಹಿತ. ಆದರೆ ಮದ್ದು ಇರುವುದು ದಿನಗಳಲ್ಲಿ. ಹುವಾರಾಸ್‌ನಲ್ಲಿ ಕನಿಷ್ಠ ಎರಡು ಮೂರು ರಾತ್ರಿ ಇದ್ದು, ನಡುವೆ 3,700 ಮೀಟರ್‌ನ ವಿಲ್ಕಕೋಚಾ ಕೆರೆಗೆ ಒಂದು ಅಭ್ಯಾಸದ ನಡಿಗೆ ಮಾಡಿ ಆಮೇಲೆ 69ಕ್ಕೆ ಹೋಗಿ. ಮಾತ್ರೆ ಬೇಕಾ ಅಂತ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ. ತಲೆನೋವಿನ ಜೊತೆ ವಾಂತಿ, ತೂರಾಟ ಬಂದರೆ ಇಳಿಯುವುದೇ ದಾರಿ, ಕೆರೆ ಹತ್ತು ನಿಮಿಷ ದೂರ ಇದ್ದರೂ ಸರಿ.

ನಾವು ಮೂರು ದಿನ ಬಿಟ್ಟು ಮತ್ತೆ ಹೋದೆವು. ಅದೃಷ್ಟಕ್ಕೆ ದಿನ ಇತ್ತು. ಅದೇ ಹಸುಗಳು, ಅದೇ ಏರು, ಈ ಸಲ ತಮ್ಮನ ಬಾಯಿ ನಿಲ್ಲಲಿಲ್ಲ. ಕೊನೆಯ ತಿರುವಿನವರೆಗೂ ನೀರು ಕಾಣುವುದಿಲ್ಲ, ಆಮೇಲೆ ಒಮ್ಮೆಲೇ ಕಾಣುತ್ತದೆ. ನಾನು ನೋಡಿದ ಕೆರೆಗಳಲ್ಲಿ ಬಣ್ಣಕ್ಕೆ ಇದೇ ಮೊದಲು. ಲೋಸ್ ತ್ರೆಸ್‌ನಲ್ಲಿ ಬೆಟ್ಟ ದೊಡ್ಡದು, ಇಲ್ಲಿ ನೀಲಿ ದೊಡ್ಡದು. ಮೇಲೆ 6,000 ಮೀಟರ್ ದಾಟಿದ ಚಾಕ್ರರಾಹುವಿನ ಹಿಮ ಕರಗಿ ಸಣ್ಣ ಜಲಪಾತವಾಗಿ ಕೆರೆಗೇ ಬೀಳುತ್ತಿರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಬರುತ್ತದೆ, ಹಾಗಾಗಿ ದಾರಿಯಲ್ಲಿ ಜಾಸ್ತಿ ಕಾಲ ಕಳೆಯಬೇಡಿ.

ದುಡ್ಡಿಗೆ ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ. ಪಾರ್ಕಿಗೆ ದಿನಕ್ಕೆ 30 ಸೋಲ್, ವ್ಯಾನಿಗೆ ನಾವು ಕೊಟ್ಟಿದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ಊಟ, ಕೋಣೆ ಪ್ಯಾಟಗೋನಿಯಾದ ಅರ್ಧಕ್ಕೂ ಕಡಿಮೆ. ಒಣ ತಿಂಗಳಲ್ಲಿ ಬೆಳಗಿನ ಆಕಾಶವನ್ನು ಬಹುಮಟ್ಟಿಗೆ ನಂಬಬಹುದು, ಹಿಂದಿನ ಸಂಜೆ ಟಿಕೆಟ್ ತೆಗೆದರೂ ನಡೆಯುತ್ತದೆ.

ನಡೆಯಲಾಗದವರು ಜೊತೆಗಿದ್ದರೆ ಅದೇ ಕಡೆ ಪರೋನ್ ಕೆರೆ ಇದೆ. 4,200 ಮೀಟರ್, ಆದರೆ ಗಾಡಿ ದಡದ ತನಕ ಹೋಗುತ್ತದೆ. ಒಡೆದರೆ ಕೆಳಗಿನ ಊರುಗಳಿಗೆ ಅಪಾಯ ಅಂತ 1980ರ ದಶಕದಲ್ಲಿ ಸುರಂಗ ಕೊರೆದು ನೀರಿನ ಮಟ್ಟ ಇಳಿಸಿದ ಕೆರೆ ಅದು. ಭಯಕ್ಕೆ ಕಾರಣ ಇದೆ. 1941ರ ಡಿಸೆಂಬರ್ 13ರಂದು ಪಲ್ಕಕೋಚಾ ಅನ್ನುವ ಇಂಥದ್ದೇ ಕೆರೆ ಒಡೆದು ಹುವಾರಾಸ್ ಊರಿನ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಗಿತ್ತು.

ಮಾಚು ಪಿಚುಗೆ ಹೇಗೂ ಹೋಗುತ್ತಿದ್ದೀರಿ, ಹುವಾರಾಸ್‌ಗೆ ವಾರ ಇಲ್ಲ ಅನ್ನುವವರಿಗೆ ಕುಸ್ಕೊ ಕಡೆಯ ಹುಮಂತಾಯ್ ಕೆರೆ. ಅದೂ 4,200 ಮೀಟರ್, ನಡಿಗೆ ಒಂದೂವರೆ ಗಂಟೆ, ಬೇಕಾದರೆ ಕುದುರೆ ಸಿಗುತ್ತದೆ. ಜನಜಂಗುಳಿ ಮಾತ್ರ ಜಾತ್ರೆಯಷ್ಟು.

ಊಟ, ವೀಸಾ

ಅರ್ಜೆಂಟೀನಾದಲ್ಲಿ "ಮಾಂಸ ಬೇಡ" ಅಂದರೆ ದನದ ಮಾಂಸ ಬೇಡ ಅಂತ ಅರ್ಥ ಮಾಡಿಕೊಂಡು ಹಂದಿಯದ್ದು ಹಾಕಿ ಕೊಡುತ್ತಾರೆ. ಸಸ್ಯಾಹಾರಿಗಳು ಎಂಪನಾಡಾ ಅಂಗಡಿಯಲ್ಲಿ ಜೋಳದ್ದು ಅಥವಾ ಸೊಪ್ಪಿನದು ಕೇಳಿ, ನಮ್ಮ ಕಡುಬಿನ ಅಣ್ಣತಮ್ಮ. ಪೆರುವಿನಲ್ಲಿ ಬೆಣ್ಣೆಹಣ್ಣು ಹಚ್ಚಿದ ಬ್ರೆಡ್ಡು, ಚೀನೀ ಹೋಟೆಲುಗಳ ಅನ್ನ ಧಾರಾಳ. ಅವಲಕ್ಕಿ ಒಂದು ಕೇಜಿ ಒಯ್ದರೆ ಎಲ್ಲಾ ಕಡೆಯೂ ಬೆಳಿಗ್ಗೆ ನಾಲ್ಕೂವರೆಗೆ ಬಿಸಿನೀರು ಹಾಕಿ ತಿನ್ನಬಹುದು. ಆ ಹೊತ್ತಿಗೆ ಯಾವ ಹೋಟೆಲೂ ತೆಗೆದಿರುವುದಿಲ್ಲ.

ಅಮೆರಿಕದ ವೀಸಾ ಕೈಯಲ್ಲಿರುವ ಭಾರತೀಯರಿಗೆ ಮೂರೂ ದೇಶಗಳು ಒಂದಲ್ಲ ಒಂದು ರಿಯಾಯಿತಿ ಕೊಡುತ್ತವೆ. ಷರತ್ತುಗಳು ಬೇರೆ ಬೇರೆ, ಬದಲಾಗುತ್ತಲೂ ಇರುತ್ತವೆ, ಟಿಕೆಟ್ ತೆಗೆಯುವ ಮುಂಚೆ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ. ಅಮೆರಿಕದಲ್ಲೇ ಇರುವ ಕನ್ನಡದವರಿಗೆ ಪೆರು ಬಹಳ ಹತ್ತಿರ. ಲಿಮಾಗೆ ಒಂದು ರಾತ್ರಿಯ ವಿಮಾನ, ಗಡಿಯಾರವೂ ಹೆಚ್ಚು ತಿರುಗಿಸಬೇಕಿಲ್ಲ. ಹತ್ತು ದಿನದ ರಜೆಯಲ್ಲಿ ಆರಾಮಾಗಿ ಮುಗಿಯುತ್ತದೆ. ಇಷ್ಟೆಲ್ಲ ದೂರ ಬೇಡ, ನೀಲಿ ಕೆರೆ ಒಂದು ನೋಡಿದರೆ ಸಾಕು ಅನ್ನುವವರು ಕಾಶ್ಮೀರದ ಗಂಗಾಬಲ್‌ಗೆ ಹೋಗಿ, ಹರಮುಖ್ ಬೆಟ್ಟದ ಬುಡದಲ್ಲಿ, 3,500 ಮೀಟರ್ ಮೇಲೆ. ಈ ಬರಹದ ಖರ್ಚಿನ ಹತ್ತನೇ ಒಂದು ಭಾಗದಲ್ಲಿ ಆಗುತ್ತದೆ.

ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ರಜೆ ಯಾವಾಗ? ಮೇ ತಿಂಗಳು. ಮಂಡಿ? ಸರಿಯಿದೆ. ಎಷ್ಟು ದಿನ? ಹನ್ನೆರಡು. ಹಾಗಾದರೆ ಹುವಾರಾಸ್‌ಗೆ ಏಳು ರಾತ್ರಿ ಬರೆದುಕೊ ಅಂದೆ. "ಒಂದು ಕೆರೆಗೆ ಏಳು ರಾತ್ರಿನಾ ಅಕ್ಕಾ?" ಅಂತ ಕೂಗಿದಳು. ನಿನ್ನೆ ಮೆಸೇಜ್ ಬಂದಿದೆ, ಆರು ರಾತ್ರಿಗೆ ಕೋಣೆ ಹಿಡಿದಿದ್ದಾಳಂತೆ, ಅಡುಗೆಮನೆ ಇರುವುದು. ನೀರು 3,000 ಮೀಟರ್‌ನಲ್ಲಿ ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ, ಚಿಕ್ಕ ಕುಕ್ಕರ್ ತೆಗೆದುಕೊಂಡು ಹೋಗಲಾ ಅಂತ ಈಗ ಕೇಳುತ್ತಿದ್ದಾಳೆ.